ಸಣ್ಣತ್ತೆಯ ರಕ್ತ, ಅಜ್ಜಿಯ ಎಲೆಚೀಲ

"ನಿಮ್ಮ ಅಪ್ಪ ಅಮ್ಮ ಸಂಬಂಧಿಕರಾ?" ಅಂತ ಆಸ್ಪತ್ರೆಯ ಕೌನ್ಸೆಲರ್ ಹುಡುಗಿ ಕೇಳಿದಾಗ ನನಗೆ ನಗು ಬಂತು. ಪಾಂಡವಪುರದ ಕಡೆಯವರನ್ನ ಕೇಳೋ ಪ್ರಶ್ನೆಯಾ ಇದು! ಅಪ್ಪ ಕಟ್ಟಿಕೊಂಡಿದ್ದು ಅಕ್ಕನ ಮಗಳನ್ನ. ಹಾಗಾಗಿ ಅವ್ವನ ಅವ್ವ ನನಗೆ ಅಜ್ಜಿಯೂ ಹೌದು, ಲೆಕ್ಕ ಹಿಡಿದರೆ ದೊಡ್ಡತ್ತೆಯೂ ಹೌದು. ಆಕೆ ಹಾಳೆಯ ಮೇಲೆ ಅಪ್ಪನಿಗೊಂದು ಚೌಕ, ಅವ್ವನಿಗೊಂದು ಸೊನ್ನೆ ಬರೆದು, ನಡುವೆ ಎರಡು ಗೆರೆ ಎಳೆದಳು. ರಕ್ತಸಂಬಂಧದ ಮದುವೆಗೆ ಎರಡು ಗೆರೆಯಂತೆ. ಆಮೇಲೆ ಗೆರೆಗಳು ಸುತ್ತಿ ಬಳಸಿ ಮೇಲಕ್ಕೆ ಹೋಗಿ, ಹಾಳೆ ಸಾಲದೆ ಇನ್ನೊಂದು ಅಂಟಿಸಬೇಕಾಯಿತು.

ನಾನು ಮೈಸೂರಿನ ಆ ಆಸ್ಪತ್ರೆಗೆ ಹೋಗಿದ್ದು ಎದೆಯಲ್ಲಿ ಕೈಗೆ ಸಿಕ್ಕ ಒಂದು ಗಂಟಿಗಾಗಿ. ಸ್ಕ್ಯಾನಿಂಗ್ ಮಾಡಿ, ಸೂಜಿ ಚುಚ್ಚಿ ನೋಡಿದರು. ಬರೀ ನೀರು ತುಂಬಿದ ಗುಳ್ಳೆ. ಎದ್ದು ಬರುವಾಗ ಡಾಕ್ಟರು ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ ಅಂದರು. "ನಮ್ಮ ವಂಶದಲ್ಲೇ ಇದೆ ಸಾರ್, ನಾಲ್ಕು ಜನಕ್ಕೆ" ಅಂದೆ, ನಮ್ಮನೇಲಿ ಎಲ್ಲರೂ ಹೇಳುವ ಹಾಗೆ. ಅವರು ನನ್ನನ್ನ ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಆ ಹುಡುಗಿಯ ಹತ್ತಿರ ಕಳಿಸಿದರು.

ಯಾರಿಗೆ, ಯಾವ ಅಂಗಕ್ಕೆ, ಎಷ್ಟನೇ ವಯಸ್ಸಿಗೆ? ಆಕೆ ಕೇಳಿದ್ದು ಇಷ್ಟೇ, ನನಗೆ ಇಷ್ಟೂ ಗೊತ್ತಿರಲಿಲ್ಲ. ಮಂಡ್ಯದ ಬ್ಯಾಂಕಲ್ಲಿ ಕೂತು ಗಿರಾಕಿಗಳ ಹುಟ್ಟಿದ ತಾರೀಖು ಸರಿಯಿಲ್ಲ ಅಂತ ಅರ್ಜಿ ವಾಪಸ್ ಕಳಿಸುವವಳು ನಾನು. ಕಾರಿಡಾರಿಗೆ ಬಂದು ಸಣ್ಣತ್ತೆಗೆ ಫೋನ್ ಮಾಡಿದೆ.

"ಅತ್ತೆ, ನಿಂಗೆ ಆಪರೇಶನ್ ಆದಾಗ ಎಷ್ಟು ವಯಸ್ಸು?"

"ಯಾಕವ್ವಾ ಈಗ ಅದು? ನನ್ ಮಗ ಏಳ್ನೇ ಕ್ಲಾಸು ಆಗ. ಮೂವತ್ತೆಂಟೋ ಮೂವತ್ತೊಂಬತ್ತೋ."

"ನಡುವಿನತ್ತೆಗೆ ಆಗಿದ್ದು ಗರ್ಭಕೋಶದ್ದಾ?"

"ಹೊಟ್ಟೆ ಗಡ್ಡೆ ಕಣವ್ವ. ಹೊಟ್ಟೆ ಊದ್ಕಂಡಿತ್ತು, ಎಲ್ಲಾರೂ ಗ್ಯಾಸ್ಟ್ರಿಕ್ಕು ಅಂತಿದ್ರು. ಮೈಸೂರ್ಗೆ ಕರ್ಕಂಡೋಗೋ ಹೊತ್ಗೆ ನೀರ್ ತುಂಬ್ಕಂಬುಟ್ಟಿತ್ತು."

ನಡುವಿನತ್ತೆಯ ಟ್ರಂಕಿನಲ್ಲಿ ಸಿಕ್ಕ ಹಳೇ ಡಿಸ್ಚಾರ್ಜ್ ಚೀಟಿ ನೋಡಿದಾಗ ಅದು ಅಂಡಾಶಯದ್ದು ಅಂತ ಗೊತ್ತಾಯಿತು. ನನ್ನ ತಲೆಯಲ್ಲಿ ಇನ್ನೊಂದು ತಪ್ಪೂ ಇತ್ತು. ಮೊಲೆ, ಅಂಡಾಶಯದ ಕಾಯಿಲೆ ಅಂದರೆ ತಾಯಿ ಕಡೆಯಿಂದ ಮಾತ್ರ ಬರೋದು, ಅಪ್ಪನ ಅಕ್ಕತಂಗಿಯರದ್ದು ನನಗೆ ಲೆಕ್ಕಕ್ಕಿಲ್ಲ ಅಂತ ನಂಬಿದ್ದೆ. ಗಂಡಸಿನಿಂದಲೂ ಅಷ್ಟೇ ಸಲೀಸಾಗಿ ದಾಟುತ್ತದಂತೆ.

ನಾಲ್ಕು ಗುರುತಿಗೆ ಕಪ್ಪು ತುಂಬಿಯಾದ ಮೇಲೆ ಹುಡುಗಿ ಪೆನ್ನಿನ ತುದಿಯಿಂದ ಅವನ್ನ ಬೇರೆ ಮಾಡಿದಳು. ಅತ್ತೆಯರು ಇಬ್ಬರು ಒಂದು ಕಡೆ. ಅಜ್ಜಿ ಮತ್ತು ದೊಡ್ಡಪ್ಪ ಇನ್ನೊಂದು ಕಡೆ. "ಇವರಿಬ್ಬರದ್ದು ವಂಶಕ್ಕೆ ಹಾಕೋಕೆ ಮುಂಚೆ ಅವರ ಅಭ್ಯಾಸ ಹೇಳಿ" ಅಂದಳು.

ಅಜ್ಜಿಯ ಅಭ್ಯಾಸ ಅಂದರೆ ಎಲೆಚೀಲ. ಸೊಂಟದಲ್ಲಿ ಸಿಕ್ಕಿಸಿದ ಬಟ್ಟೆಯ ಚೀಲ, ಅದರಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿ, ಕಡ್ಡಿಪುಡಿ. ನಾಟಿಗೆ ಬಗ್ಗಿದಾಗಲೂ ಎಡಗೆನ್ನೆ ಉಬ್ಬಿರುತ್ತಿತ್ತು. ರಾತ್ರಿ ಎಷ್ಟೋ ಸಲ ಹಾಗೇ ಮಲಗುತ್ತಿದ್ದಳು. ಹುಣ್ಣು ಬಂದಿದ್ದೂ ಆ ಎಡಗೆನ್ನೆಯ ಒಳಗೇ. ಅದಕ್ಕೂ ಮೊದಲು ಬಾಯಿ ತೆರೆಯುವುದು ವರ್ಷ ವರ್ಷ ಕಮ್ಮಿಯಾಗುತ್ತಾ ಬಂತು. ಅಡಿಕೆಯಿಂದ ಕೆನ್ನೆಯ ಒಳಪದರ ಗಟ್ಟಿಯಾಗಿ ನಾರುಗಟ್ಟುತ್ತದೆ, ಅಂಥ ಬಾಯಿಯಲ್ಲಿ ಕ್ಯಾನ್ಸರ್ ಹುಟ್ಟುವ ಸಾಧ್ಯತೆ ಜಾಸ್ತಿ ಅಂತ ಈಗ ಗೊತ್ತು. ಆಗ ನಮಗೆ ಕಂಡಿದ್ದು ಮುದ್ದೆ ತುತ್ತು ಮಾತ್ರ. ನಿಂಬೆಹಣ್ಣಿನ ಗಾತ್ರದ ತುತ್ತು ಮುರಿದು ಬಸ್ಸಾರಿನಲ್ಲಿ ಅದ್ದಿ ಗುಳುಂ ಅನ್ನಿಸುತ್ತಿದ್ದವಳು ನೆಲ್ಲಿಕಾಯಿಗೆ ಇಳಿದಳು, ಆಮೇಲೆ ಗೋಲಿಗೆ, ಕೊನೆಗೆ ಅವ್ವ ಗಂಜಿ ಕಾಯಿಸಿ ಲೋಟದಲ್ಲಿ ಕೊಡುತ್ತಿದ್ದಳು. ಮುದ್ದೆ ಅಗಿಯುವ ಪದಾರ್ಥವಲ್ಲ, ಹಲ್ಲಿನ ತೊಂದರೆ ಅನ್ನೋಕೂ ಆಗಲಿಲ್ಲ.

ಕಡ್ಡಿಪುಡಿ ಬಿಟ್ಟು ಬರೀ ಎಲೆ ಅಡಿಕೆ ಹಾಕಿಕೊಂಡಿದ್ದರೆ? ಕೇಳಿದೆ, ಯಾಕೆಂದರೆ ನನ್ನ ಬ್ಯಾಂಕಿನ ಡ್ರಾಯರಿನಲ್ಲಿ ಸದಾ ಒಂದು ಪೊಟ್ಟಣ ಸುವಾಸನೆ ಅಡಿಕೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯಾನ್‌ನಲ್ಲಿದೆ. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ಅವರು 2004ರಲ್ಲೇ ಮೊದಲನೇ ಗುಂಪಿಗೆ ಸೇರಿಸಿದ್ದಾರೆ. ಬೀಡಿ ಸಿಗರೇಟಿನ ಹೊಗೆ, ಮದ್ಯ ಇರುವ ಗುಂಪು ಅದು. 2013ರಲ್ಲಿ ಊರಿನ ಕೊಳಕು ಗಾಳಿಯೂ ಅಲ್ಲಿಗೇ ಸೇರಿತು. ಒಂದೇ ಗುಂಪು ಅಂದಮಾತ್ರಕ್ಕೆ ಅಪಾಯ ಒಂದೇ ಸಮ ಅಂತಲ್ಲ, ಪುರಾವೆ ಗಟ್ಟಿಯಾಗಿದೆ ಅಂತ ಮಾತ್ರ. ಪೊಟ್ಟಣ ಬಿಟ್ಟು ನಾಲ್ಕು ತಿಂಗಳಾಯಿತು. ಮೂರು ಸಲ ತಪ್ಪಿದ್ದೇನೆ, ಮೂರೂ ಮದುವೆ ಮನೆಯಲ್ಲಿ.

ದೊಡ್ಡಪ್ಪನದು ಗಂಟಲು. ದಿನಕ್ಕೆ ಎರಡು ಕಟ್ಟು ಬೀಡಿ, ಸಂಜೆ ಸಾರಾಯಿ. ಎರಡೂ ಸೇರಿದರೆ ಅಪಾಯ ಕೂಡುವುದಿಲ್ಲ, ಹೆಚ್ಚುಕಮ್ಮಿ ಗುಣಿಸುತ್ತದೆ. ಕಬ್ಬಿನ ಸೀಸನ್ನಿನಲ್ಲಿ ಆಲೆಮನೆಯ ಒಲೆಗೆ ಉರಿ ಹಾಕುವ ಕೆಲಸ ಬೇರೆ. ಸಿಪ್ಪೆ ಒದ್ದೆಯಾಗಿದ್ದರೆ ಹಳೇ ಟೈರನ್ನೂ ತುರುಕುತ್ತಿದ್ದರು, ಆ ಕರೀ ಹೊಗೆ ನಮ್ಮ ಹಿತ್ತಲವರೆಗೂ ಬರುತ್ತಿತ್ತು. ಆದರೆ ಬೆಂಗಳೂರಿನಲ್ಲಿರುವ ಅವರ ಮಗ, ನನ್ನ ಅಣ್ಣ, ಇದ್ಯಾವುದನ್ನೂ ಒಪ್ಪುವುದಿಲ್ಲ. "ಗದ್ದೆಗೆ ಹೊಡೆಯೋ ಔಷಧಿ ಕಣೇ ಅಪ್ಪನ್ನ ತಿಂದಿದ್ದು" ಅನ್ನುತ್ತಾನೆ. ಬರಿಮೈಯಲ್ಲಿ, ಮೂಗಿಗೆ ಬಟ್ಟೆಯೂ ಇಲ್ಲದೆ ಔಷಧಿ ಹೊಡೆದಿದ್ದು ನಿಜ. ಈಗ ಬದುಗಳಿಗೆ ಹೊಡೆಯುವ ಗ್ಲೈಫೋಸೇಟ್ ಕಳೆನಾಶಕವನ್ನೂ ಲಿಯಾನ್‌ನವರು 2015ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಅಂದಿದ್ದಾರೆ. ಆದರೆ ಮನುಷ್ಯರಲ್ಲಿ ಆ ಅನುಮಾನ ಇರುವುದು ದುಗ್ಧಗ್ರಂಥಿಯ, ಅಂದರೆ ಲಿಂಫ್ ಗ್ರಂಥಿಯ, ಒಂದು ಬಗೆಯ ಕ್ಯಾನ್ಸರಿಗೆ, ಗಂಟಲಿಗಲ್ಲ. ಇಂಥವರಿಗೆ ಇದರಿಂದಲೇ ಬಂತು ಅಂತ ಒಬ್ಬೊಬ್ಬರ ಮಟ್ಟಿಗೆ ಯಾರೂ ಬೆರಳು ಮಾಡಿ ಹೇಳಲಾರರು, ಒಪ್ಪಿದೆ. ಅಣ್ಣನ ಹಟದ ಕಾರಣ ಬೇರೆ ಅನ್ನಿಸುತ್ತದೆ. ಔಷಧಿ ಅಂದರೆ ಕಂಪನಿ ತಪ್ಪು. ಬೀಡಿ ಅಂದರೆ ಅಪ್ಪನ ತಪ್ಪಾಗಿಬಿಡುತ್ತದೆ. ನಾನೇನು ಕಮ್ಮಿ, ಎಲ್ಲವನ್ನೂ ವಂಶದ ತಲೆಗೆ ಕಟ್ಟಿ ನೆಮ್ಮದಿಯಾಗಿ ಅಡಿಕೆ ಅಗಿಯುತ್ತಿದ್ದೆ.

ಒಟ್ಟು ಕ್ಯಾನ್ಸರುಗಳಲ್ಲಿ ಹುಟ್ಟಿನಿಂದ ಬಂದ ಜೀನಿನ ದೋಷದಿಂದ ಆಗುವುದು ನೂರಕ್ಕೆ 5ರಿಂದ 10 ಮಾತ್ರ. ಅತ್ತೆಯರ ಜೋಡಿ ಆ ಸಣ್ಣ ಪಾಲಿಗೆ ಸೇರಿರಬಹುದು ಅನ್ನುವುದು ಹುಡುಗಿಯ ಅನುಮಾನ. ಒಬ್ಬಳಿಗೆ ನಲವತ್ತರೊಳಗೆ ಮೊಲೆಯದ್ದು, ಅವಳ ಒಡಹುಟ್ಟಿದವಳಿಗೆ ಅಂಡಾಶಯದ್ದು. ಬಿಆರ್‌ಸಿಎ1 ಅನ್ನುವ, ಇಂಥ ಜೋಡಿಗೆ ಕಾರಣವಾಗಬಲ್ಲ ಜೀನು ಹದಿನೇಳನೇ ವರ್ಣತಂತುವಿನಲ್ಲಿದೆ ಅಂತ ಅಮೆರಿಕದ ಮೇರಿ ಕ್ಲೇರ್ ಕಿಂಗ್ 1990ರಲ್ಲಿ ತೋರಿಸಿದರು, 1994ರಲ್ಲಿ ಜೀನೇ ಕೈಗೆ ಸಿಕ್ಕಿತು. ಅದರ ಕೆಲಸ ನಮ್ಮೂರ ಕಾಲುವೆ ಕಾಯುವ ನೀರುಗಂಟಿಯದ್ದು ಅಂದುಕೊಳ್ಳಿ. ಡಿಎನ್‌ಎ ಎಲ್ಲಿ ಒಡೆದರೂ ಓಡಿಹೋಗಿ ಮುಚ್ಚುವುದು. ಪ್ರತಿ ಜೀವಕೋಶಕ್ಕೂ ಇಬ್ಬರು ನೀರುಗಂಟಿಗಳು, ಅಪ್ಪನಿಂದ ಒಬ್ಬ, ಅಮ್ಮನಿಂದ ಒಬ್ಬ. ಒಬ್ಬ ಹುಟ್ಟುವಾಗಲೇ ಕೆಲಸಕ್ಕೆ ಬಾರದವನಾಗಿದ್ದರೆ, ಯಾವುದೋ ಕೋಶದಲ್ಲಿ ಇನ್ನೊಬ್ಬನೂ ಕೈಕೊಟ್ಟ ದಿನ ಒಡಕು ಹಾಗೇ ಉಳಿಯುತ್ತದೆ. ಇಂಥ ಹೆಂಗಸರಲ್ಲಿ ಜೀವಮಾನದಲ್ಲಿ ಮೊಲೆ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ 60ಕ್ಕಿಂತ ಹೆಚ್ಚು.

ಮೊದಲು ಪರೀಕ್ಷೆ ಆಗಬೇಕಾದ್ದು ನನಗಲ್ಲ, ಕಾಯಿಲೆ ಬಂದು ಬದುಕಿರುವ ಸಣ್ಣತ್ತೆಗೆ. ಅವಳಲ್ಲಿ ದೋಷ ಯಾವುದು ಅಂತ ಗೊತ್ತಿಲ್ಲದೆ ನನ್ನಲ್ಲಿ ಏನೂ ಸಿಗಲಿಲ್ಲ ಅಂದರೆ ಅದಕ್ಕೆ ಅರ್ಥವಿಲ್ಲ. ಹಣೆಬರಹಕ್ಕೆ ಹೊಣೆ ಯಾರು ಅನ್ನುವವಳು ಒಪ್ಪುತ್ತಾಳೋ ಇಲ್ಲವೋ ಅಂತ ಅಂಜಿಕೊಂಡೇ ಊರಿಗೆ ಹೋದೆ. "ಮೊಲೇನೇ ತಗಂಡೋದ್ರು, ರಕ್ತ ಯಾವ್ ಲೆಕ್ಕ, ನಡಿ" ಅಂತ ಸೀರೆ ಬದಲಾಯಿಸಿದಳು.

ನಾಲ್ಕು ವಾರಕ್ಕೆ ರಿಪೋರ್ಟ್ ಬಂತು. ಬಿಆರ್‌ಸಿಎ1 ದೋಷ ಇದೆ.

ರೈಲಿನಲ್ಲಿ ಮಂಡ್ಯಕ್ಕೆ ಹೋಗುತ್ತಾ ಆ ದೋಷ ಯಾರಿಗೆ ಬಂದಿರುವ ಸಾಧ್ಯತೆ ಎಷ್ಟು ಅಂತ ಟಿಕೆಟ್ ಹಿಂದೆ ಲೆಕ್ಕ ಹಾಕಿದೆ. ಅವಳ ಒಡಹುಟ್ಟಿದವರಿಗೆ ಅರ್ಧ, ಅವರ ಮಕ್ಕಳಿಗೆ ಕಾಲು, ಮೊಮ್ಮಕ್ಕಳಿಗೆ ಎಂಟರಲ್ಲಿ ಒಂದು. ನನಗೆ ಅಪ್ಪನ ಕಡೆಯಿಂದ ಕಾಲು, ಅಜ್ಜಿಯಿಂದ ಅವ್ವನ ಮೂಲಕ ಇನ್ನೊಂದು ಚೂರು. ಎರಡು ಗೆರೆಯ ಬಡ್ಡಿ ಅದು. ನನ್ನ ರಕ್ತ ಹೋದ ಗುರುವಾರ ಕೊಟ್ಟೆ.

ಅಣ್ಣನಿಗೆ ಫೋನ್ ಮಾಡಿ, ಮಗಳಿಗೆ ದೋಷ ಇದ್ದರೆ 25ನೇ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಮೊಲೆಯ ಎಂಆರ್‌ಐ ಮಾಡಿಸಿ ಮೊದಲೇ ಹಿಡಿಯಬಹುದು, ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವ ದಾರಿಯೂ ಇದೆ ಅಂತ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. "ಮಗಳಿಗೆ ಗಂಡು ನೋಡ್ತಿದೀವಿ. ಇದನ್ನ ಎಲ್ಲೂ ಬಾಯಿ ಬಿಡಬೇಡ" ಅಂದ. ಜಾತಕ ಮೂರು ಕಡೆ ತೋರಿಸಿದ್ದಾರಂತೆ.

ಅವನ ತಪ್ಪು ಅನ್ನಲಾರೆ. ಗಂಡಿನ ಕಡೆಯವರಿಗೆ ಎಂಟರಲ್ಲಿ ಒಂದು ಅನ್ನೋ ಲೆಕ್ಕ ಬೇಕಿಲ್ಲ, ಕ್ಯಾನ್ಸರ್ ಅನ್ನೋ ಮಾತು ಸಾಕು.

ಮೊನ್ನೆ ರಾತ್ರಿ ಹತ್ತೂವರೆಗೆ ಅಣ್ಣನ ಮಗಳ ಮೆಸೇಜು ಬಂತು. "ಅತ್ತೆ, ಅಪ್ಪ ಫೋನಲ್ಲಿ ಮಾತಾಡಿದ್ದು ಕೇಳಿಸ್ತು. ಆ ರಿಪೋರ್ಟಿನ ಫೋಟೋ ಕಳಿಸ್ತೀರಾ? ಅಪ್ಪಂಗೆ ಹೇಳಬೇಡಿ." ಬೆಳಿಗ್ಗೆ ಸಣ್ಣತ್ತೆಯನ್ನ ಕೇಳಿದೆ, ರಿಪೋರ್ಟು ಅವಳದ್ದಲ್ಲವಾ. "ಕಳ್ಸವ್ವ" ಅಂದಳು, "ಎರಡ್ನೇ ಪುಟಾನೂ ಕಳ್ಸು." ಎರಡನೇ ಪುಟದಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿಲ್ಲ, ಓದು ಬರುವುದಿಲ್ಲ. ಎರಡೂ ಕಳಿಸಿದೆ.