ಕೆಮ್ಮಲು ಬಾರದ ದುಂಡಿ

ದುಂಡಿಯ ಮೂಗಿನ ಎಡ ಹೊಳ್ಳೆಯಲ್ಲಿ ಒಂದು ಗುಳ್ಳೆ ಕಾಣಿಸಿತು. ಸಾಸಿವೆ ಕಾಳಿಗಿಂತ ಚಿಕ್ಕದು. ಉಸಿರು ಬಿಟ್ಟಾಗ ಉಬ್ಬುತ್ತಿತ್ತು, ಎಳೆದುಕೊಂಡಾಗ ಒಡೆಯುತ್ತಿತ್ತು. ಈಗ ತಾನೇ ನೀರು ಕುಡಿದಿದ್ದಾಳಲ್ಲ, ಅದೇ ಇರಬೇಕು ಅಂದುಕೊಂಡು ಸುಮ್ಮನಾದೆ. ಹಾಗೆ ಸುಮ್ಮನಿದ್ದದ್ದು ಒಟ್ಟು ಆರು ದಿನ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ದುಂಡಿ ನಮ್ಮನೆಯ ಆಮೆ. ರಷ್ಯನ್ ಟಾರ್ಟಾಯ್ಸ್ ಅಂತಾರಲ್ಲ, ಆ ಜಾತಿ. ಮೂಲ ಮಧ್ಯ ಏಷ್ಯಾದ ಒಣ ಬಯಲು. ಹನ್ನೊಂದು ವರ್ಷದಿಂದ ನಮ್ಮ ಜೊತೆಗಿದ್ದಾಳೆ. ಬೆಳಿಗ್ಗೆ ದೀಪ ಹತ್ತಿದ ಕೂಡಲೇ ಎದ್ದು ಬಂದು, ತಟ್ಟೆಯ ಅಂಚಿಗೆ ಮುಂಗಾಲು ಹಾಕಿ ನಿಲ್ಲುವುದು ಅವಳ ಪದ್ಧತಿ. ಆ ವಾರ ಎದ್ದು ಬರುವುದು ತಡವಾಯಿತು. ಆಮೇಲೆ ಬರುವುದೇ ನಿಂತಿತು. ಚಳಿಗೆ ಮಂಕಾಗಿದ್ದಾಳೆ ಅಂತ ಅದಕ್ಕೂ ನಾನೇ ಒಂದು ಕಾರಣ ಹುಡುಕಿಕೊಂಡೆ.

ಏಳನೇ ರಾತ್ರಿ ಸಿಳ್ಳೆ ಕೇಳಿಸಿತು. ಬೀಗದ ತೂತಿಗೆ ಬಾಯಿಟ್ಟು ಮೆಲ್ಲಗೆ ಊದಿದ ಹಾಗೆ. ಪಕ್ಕದ ಕೋಣೆಯಿಂದ ಅಮ್ಮ, "ಏನೇ ಅದು, ಇಲಿ ಮರಿನಾ?" ಅಂದರು. ದೀಪ ಹಾಕಿ ನೋಡಿದರೆ ದುಂಡಿ ಕತ್ತನ್ನು ಪೂರ್ತಿ ಹೊರಗೆ ಚಾಚಿದ್ದಳು. ಗದ್ದ ಮೇಲಕ್ಕೆ, ಬಾಯಿ ಸ್ವಲ್ಪ ತೆರೆದಿತ್ತು. ಪ್ರತಿ ಉಸಿರಿಗೂ ಕತ್ತು ಮತ್ತು ಮುಂಗಾಲಿನ ನಡುವಿನ ಮೆತ್ತನೆ ಚರ್ಮ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಅಮ್ಮನೂ ಬಂದು ಪಕ್ಕದಲ್ಲಿ ಕೂತರು. ಇಬ್ಬರೂ ಬೆಳಗಾಗುವುದನ್ನೇ ಕಾದೆವು.

ಆಮೆ ಸಾಕುವವರು ತಿಳಿದಿರಲೇಬೇಕಾದ ಒಂದು ವಿಷಯ ನನಗೆ ಗೊತ್ತಾದದ್ದು ಆಮೇಲೆ. ಆಮೆಗೆ ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ. ನಮ್ಮ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಅದಕ್ಕಿಲ್ಲ. ಪಕ್ಕೆಲುಬುಗಳು ಚಿಪ್ಪಿಗೇ ಬೆಸೆದುಕೊಂಡಿರುವುದರಿಂದ ಎದೆ ಉಬ್ಬುವ ಹಾಗೂ ಇಲ್ಲ. ಹೊಟ್ಟೆಯ ಸ್ನಾಯು, ಕಾಲಿನ ಬುಡದ ಸ್ನಾಯು, ಇವುಗಳ ಬಲದಲ್ಲೇ ಉಸಿರಾಟ ನಡೆಯಬೇಕು. ಶ್ವಾಸಕೋಶ ಇರುವುದು ಮೇಲೆ, ಬೆನ್ನಿನ ಚಿಪ್ಪಿಗೆ ತಾಗಿಕೊಂಡು. ಅಲ್ಲಿ ಕಫ ಕೂತರೆ ಕೂತೇ ಬಿಡುತ್ತದೆ. ಕೀವಾದರೂ ನಮ್ಮದರ ಹಾಗೆ ನೀರಾಗಿ ಹರಿಯುವುದಿಲ್ಲ, ಒಡೆದ ಹಾಲಿನ ಗಟ್ಟಿಯ ಹಾಗೆ ಹೆಪ್ಪುಗಟ್ಟುತ್ತದೆ. ನಾಯಿಗೆ ಹುಷಾರಿಲ್ಲದಿದ್ದರೆ ಮನೆಗೆಲ್ಲ ಗೊತ್ತಾಗುತ್ತೆ, ಅಲ್ವಾ? ಆಮೆಯದು ಹಾಗಲ್ಲ. ಒಂದು ಗುಳ್ಳೆ, ಒಂದು ಸಿಳ್ಳೆ, ಅಷ್ಟೇ. ಅದು ಹೇಳಿಕೊಳ್ಳುವುದೇ ಅಷ್ಟು.

ಮೊದಲು ತೋರಿಸಿದ ಡಾಕ್ಟರ್ ಹೆಚ್ಚಾಗಿ ನಾಯಿ ಬೆಕ್ಕು ನೋಡುವವರು. ಎತ್ತಿ ಹಿಡಿದು ನೋಡಿ, "ನೆಗಡಿ, ಒಂದು ವಿಟಮಿನ್ ಎ ಇಂಜೆಕ್ಷನ್ ಹಾಕಿಬಿಡೋಣ" ಅಂದರು. ನಾನು ಬೇಡ ಅಂದೆ. ದುಂಡಿ ದಿನವೂ ಹಸಿರು ಸೊಪ್ಪು ತಿಂದು ಬೆಳೆದವಳು, ಅವಳಿಗೆ ಆ ವಿಟಮಿನ್ ಕೊರತೆ ಆಗುವುದು ಕಷ್ಟ. ಆ ಇಂಜೆಕ್ಷನ್ ಹೆಚ್ಚಾದರೆ ಆಮೆಯ ಚರ್ಮ ಸುಲಿದು ಬರುತ್ತದೆ ಅಂತ ಹಿಂದೆಯೇ ಓದಿದ್ದೆ. ಡಾಕ್ಟರಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಆವತ್ತು ಆಡಿದ್ದು ಒಳ್ಳೆಯದಾಯಿತು.

ಎರಡನೆಯವರು ಹಾವು, ಹಲ್ಲಿ, ಆಮೆಗಳನ್ನೇ ನೋಡುವ ಡಾಕ್ಟರ್. ಸ್ಟೆತಾಸ್ಕೋಪ್ ತೆಗೆಯುವ ಮೊದಲು ಒಂದು ಬಟ್ಟೆ ಒದ್ದೆ ಮಾಡಿ ಹಿಂಡಿ ಚಿಪ್ಪಿನ ಮೇಲೆ ಹಾಸಿದರು. ಚಿಪ್ಪಿಗೆ ನೇರವಾಗಿ ಇಟ್ಟರೆ ಕರಕರ ಸದ್ದೇ ಜಾಸ್ತಿಯಂತೆ. ಮೂರು ಕಡೆಯಿಂದ ಎಕ್ಸ್‌ರೇ ತೆಗೆದರು: ಮೇಲಿನಿಂದ, ಪಕ್ಕದಿಂದ, ಮುಖದ ಕಡೆಯಿಂದ. ಆ ಮೂರನೆಯದರಲ್ಲಿ ಎರಡು ಶ್ವಾಸಕೋಶವೂ ಅಕ್ಕಪಕ್ಕ ಕಾಣುತ್ತವೆ. ಬಲದ್ದು ಕಪ್ಪಗೆ ಸ್ವಚ್ಛವಾಗಿತ್ತು. ಎಡದ್ದರ ಕೆಳಗೆ ಮೋಡ ಕವಿದ ಹಾಗೆ ಬೆಳ್ಳಗೆ. ಮೂಗಿಗೆ ಒಂದೆರಡು ಹನಿ ಸಲೈನ್ ಬಿಟ್ಟು, ಹೊರಬಂದದ್ದನ್ನು ಪರೀಕ್ಷೆಗೆ ಕಳಿಸಿದರು.

ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ರಾತ್ರಿ ಇವಳು ಮಲಗೋ ಜಾಗದಲ್ಲಿ ಎಷ್ಟು ಡಿಗ್ರಿ ಇರುತ್ತೆ?"

"ಇಪ್ಪತ್ನಾಲ್ಕು" ಅಂದೆ.

"ಎಲ್ಲಿಟ್ಟು ಅಳೆದದ್ದು?"

ಥರ್ಮಾಮೀಟರ್ ಇದ್ದದ್ದು ಗೂಡಿನ ಗೋಡೆಯ ಮೇಲ್ಭಾಗದಲ್ಲಿ. ದುಂಡಿ ಮಲಗುತ್ತಿದ್ದದ್ದು ಕೆಳಗೆ, ಮೂಲೆಯಲ್ಲಿ, ಮಣ್ಣಿನೊಳಗೆ ಅರ್ಧ ಹೂತುಕೊಂಡು. ಆ ರಾತ್ರಿ ಅದೇ ಥರ್ಮಾಮೀಟರನ್ನು ಆ ಮೂಲೆಯಲ್ಲಿಟ್ಟೆ. 15 ತೋರಿಸಿತು. ಅದರ ಮೇಲೆ, ತೇವ ಇರಲಿ ಅಂತ ನಾನು ದಿನಾ ಸಂಜೆ ಮಣ್ಣಿಗೆ ನೀರು ಚಿಮುಕಿಸುತ್ತಿದ್ದೆ. ಈ ಜಾತಿ ಆರೋಗ್ಯವಾಗಿದ್ದಾಗ ಒಣ ಚಳಿ ತಡೆಯುತ್ತದೆ. ಚಳಿಗೆ ತೇವವೂ ಸೇರಿದರೆ ತಡೆಯುವುದಿಲ್ಲ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣವನ್ನು ಗೂಡಿನೊಳಗೇ ಕೊಡುವ ಯುವಿಬಿ ದೀಪವೂ ಎರಡು ವರ್ಷ ಹಳೆಯದು. ಬೆಳಕು ಚೆನ್ನಾಗಿಯೇ ಬರುತ್ತಿತ್ತು, ಆದರೆ ಯುವಿಬಿ ನಮ್ಮ ಕಣ್ಣಿಗೆ ಕಾಣುವ ಬೆಳಕಲ್ಲ, ಅದು ಮೊದಲೇ ಸೋರಿಹೋಗಿರುತ್ತದೆ. ವರ್ಷದೊಳಗೆ ಬದಲಾಯಿಸಬೇಕಿತ್ತು.

ಹಾಗಾಗಿ ಚಿಕಿತ್ಸೆ ಶುರುವಾದದ್ದು ಬಿಸಿಯಿಂದ. ಆಮೆಯ ಮೈ ತನಗೆ ಬೇಕಾದ ಬಿಸಿಯನ್ನು ತಾನೇ ಮಾಡಿಕೊಳ್ಳುವುದಿಲ್ಲ. ಮೈ ತಣ್ಣಗಿದ್ದರೆ ಸೋಂಕನ್ನು ಎದುರಿಸುವ ಶಕ್ತಿಯೂ ಕುಗ್ಗುತ್ತದೆ, ಕೊಟ್ಟ ಔಷಧಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ರಾತ್ರಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್, ಅದಕ್ಕೊಂದು ಥರ್ಮೋಸ್ಟಾಟ್. ರಾತ್ರಿ 26, ಹಗಲು 29, ದೀಪದ ಕೆಳಗೆ 34. ಈ ಸಲ ಅಳೆದದ್ದು ಅವಳ ಬೆನ್ನಿನ ಎತ್ತರದಲ್ಲಿ. ಮಣ್ಣು ತೆಗೆದು ಪೇಪರ್ ಹಾಸಿದೆ. ಮಾರನೇ ದಿನಕ್ಕೇ ಬಾಯಿ ತೆರೆದು ಉಸಿರಾಡುವುದು ಸ್ವಲ್ಪ ಕಡಿಮೆಯಾಯಿತು. ಅಷ್ಟಕ್ಕೇ ಅಮ್ಮ, "ನೋಡು, ಕಣ್ಣು ಹೊಳೀತಿದೆ" ಅಂದರು. ನನಗೇನೂ ಹೊಳೆದ ಹಾಗೆ ಕಾಣಲಿಲ್ಲ. ಆದರೂ ಆ ಮಾತು ಬೇಕಿತ್ತು.

ಆಮೇಲೆ ಇಂಜೆಕ್ಷನ್. ಡಾಕ್ಟರ್ ಬರೆದದ್ದು ಸೆಫ್ಟಾಜಿಡಿಮ್ ಅನ್ನುವ ಆಂಟಿಬಯಾಟಿಕ್, 72 ಗಂಟೆಗೆ ಒಂದು ಸಲ, ಏಳು ಸಲ. ಮೂರು ದಿನಕ್ಕೊಮ್ಮೆ ಸಾಕಾ ಅಂತ ಕೇಳಿದ್ದಕ್ಕೆ, ಆಮೆಯ ಮೈಯಲ್ಲಿ ಎಲ್ಲವೂ ನಿಧಾನ, ಔಷಧಿ ಹೊರಗೆ ಹೋಗುವುದೂ ನಿಧಾನ ಅಂದರು. ದುಂಡಿಯ ತೂಕಕ್ಕೆ 0.15 ಮಿಲಿ. (ಇದು ಅವಳ ತೂಕದ ಲೆಕ್ಕ. ದಯವಿಟ್ಟು ನಿಮ್ಮ ಆಮೆಗೆ ನೀವೇ ಲೆಕ್ಕ ಹಾಕಬೇಡಿ.) ಔಷಧಿಯನ್ನು ಒಂದೇ ಸಲ ಕಲಸಿ ಏಳು ಪುಟ್ಟ ಸಿರಿಂಜ್‌ಗಳಲ್ಲಿ ತುಂಬಿಸಿ ಕೊಟ್ಟರು. ಫ್ರೀಜರಿನಲ್ಲಿಟ್ಟು, ಬೇಕಾದಾಗ ಒಂದನ್ನು ಹೊರತೆಗೆದು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದೆ. ಒಳಗಿನ ಬಿಳಿ ಗಟ್ಟಿ ಕರಗಿ ತಿಳಿಯಾಗುವವರೆಗೆ.

ಚುಚ್ಚುವುದು ಮುಂಗಾಲಿಗೆ. ಹಿಂಗಾಲಿನ ರಕ್ತ ಹೃದಯಕ್ಕೆ ಹೋಗುವ ಮೊದಲು ಮೂತ್ರಪಿಂಡದ ಮೂಲಕ ಹಾದುಹೋಗಬಹುದು. ಅಲ್ಲಿಗೆ ಚುಚ್ಚಿದರೆ ಔಷಧಿ ಸುಮ್ನೆ ಸೋರಿಹೋಗಬಹುದು, ಕೆಲವು ಔಷಧಿಗಳಾದರೆ ಮೂತ್ರಪಿಂಡಕ್ಕೇ ಪೆಟ್ಟು. ಅಮ್ಮ ಕಾಲು ಎಳೆದು ಹಿಡಿಯಬೇಕು, ನಾನು ಚುಚ್ಚಬೇಕು. ಹುಷಾರಾಗಿದ್ದಾಗ ಆ ಕಾಲನ್ನು ಒಳಗೆ ಎಳೆದುಕೊಂಡರೆ ನಮ್ಮಿಬ್ಬರ ಕೈಯಲ್ಲೂ ಬಿಡಿಸಲಾಗುತ್ತಿರಲಿಲ್ಲ. ಮೊದಲನೇ ಸಲ ಅದು ಸುಲಭವಾಗಿ ಬಂತು. ಅಮ್ಮನ ಎರಡು ಬೆರಳಿನ ನಡುವೆ, ಯಾವ ಜಗ್ಗಾಟವೂ ಇಲ್ಲದೆ. ಅದಕ್ಕೇ ನನಗೆ ಅಳು ಬಂತು. ನಾಲ್ಕನೇ ಇಂಜೆಕ್ಷನ್ನಿಗೆ ಅವಳು ಕಾಲನ್ನು ಪಟ್ಟನೆ ಎಳೆದುಕೊಂಡು, ಅಮ್ಮನ ಬೆರಳನ್ನು ಚಿಪ್ಪಿನ ಸಂದಿಗೆ ಸಿಕ್ಕಿಸಿಬಿಟ್ಟಳು. ಅಮ್ಮ "ಅಯ್ಯೋ" ಅಂದು ನಕ್ಕರು. ಆ ದಿನ, ಅವಳ ವಿಷಯ ಬರೆದಿಡುವ ನನ್ನ ಪುಸ್ತಕದಲ್ಲಿ "ಕಾಲು ಕೊಡಲಿಲ್ಲ" ಅಂತ ದೊಡ್ಡದಾಗಿ ಬರೆದಿದ್ದೇನೆ.

ದಿನಕ್ಕೆರಡು ಸಲ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ ನೆಬ್ಯುಲೈಸರಿನಿಂದ ಸಲೈನ್ ಮಂಜು, ಇಪ್ಪತ್ತು ನಿಮಿಷ. ಗಾಳಿಯಾಡಲು ತೂತು ಇರಬೇಕು. ಬಿಸಿ ಹಬೆ ಕೂಡದು, ನೀಲಗಿರಿ ಎಣ್ಣೆ, ಮುಲಾಮು ಅಂತೂ ಕೂಡದೇ ಕೂಡದು. ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸುವುದು, ನೀರು ಗದ್ದಕ್ಕಿಂತ ಕೆಳಗೆ. ಪ್ರತಿ ಸಲವೂ ನಮ್ಮ ಕೈ ಸೋಪಿನಲ್ಲಿ ತೊಳೆಯುವುದು. ಆರೋಗ್ಯವಾಗಿರುವ ಆಮೆಯ ಮೈಯಲ್ಲೂ ನಮಗೆ ಭೇದಿ ತರುವ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು.

ನನ್ನನ್ನು ನಿಜವಾಗಿ ಹೆದರಿಸಿದ್ದು ಊಟ. ಆಮೆ ಮುಖ್ಯವಾಗಿ ಮೂಸಿ ತಿನ್ನುವ ಪ್ರಾಣಿ. ಮೂಗು ಕಟ್ಟಿದರೆ ಸೊಪ್ಪು ಮುಂದಿದ್ದರೂ ಅದಕ್ಕೆ ಅದು ಊಟವೇ ಅಲ್ಲ. ಕಾಯಿಲೆಗೆ ಮುಂಚೆ 742 ಗ್ರಾಂ ಇದ್ದವಳು 711ಕ್ಕೆ ಬಂದಳು, 694, 681. ಅಡುಗೆಮನೆಯ ತಕ್ಕಡಿಯ ಮೇಲೆ ಇಡುವಾಗ ಕೈ ನಡುಗುತ್ತಿತ್ತು. ಮೂಗು ಬಿಟ್ಟಿದೆಯೋ ಇಲ್ಲವೋ ನೋಡಲು ಒಂದು ಉಪಾಯ ಮಾಡಿಕೊಂಡಿದ್ದೆ. ಸ್ಟೀಲ್ ಚಮಚವನ್ನು ಫ್ರಿಜ್ಜಿನಲ್ಲಿಟ್ಟು, ಒರೆಸಿ, ಅವಳ ಮೂಗಿನ ಮುಂದೆ ಹಿಡಿಯುವುದು. ಉಸಿರು ಬಿಟ್ಟಾಗ ಚಮಚದ ಮೇಲೆ ಮಂಜು ಕೂರುತ್ತದೆ. ಎಷ್ಟೋ ದಿನ ಒಂದೇ ಚುಕ್ಕೆ, ಬಲಗಡೆಯದು.

ಹದಿನೇಳನೇ ದಿನ ದಾಸವಾಳದ ಒಂದು ಎಸಳನ್ನು ಬೆರಳಲ್ಲಿ ಹೊಸಕಿ ಮೂಗಿನ ಹತ್ತಿರ ಹಿಡಿದೆ. ದಿನಾ ಹಿಡಿಯುತ್ತಿದ್ದೆ, ಅವತ್ತೂ ಹಿಡಿದೆ. ಕತ್ತು ಒಂದು ಬೆರಳಿನಷ್ಟು ಮುಂದೆ ಬಂತು. ಗಂಟಲ ಕೆಳಗಿನ ಚರ್ಮ ಪಟಪಟ ಮಿಡಿಯಿತು. ಅವಳು ಮೂಸುವುದೇ ಹಾಗೆ. ಬಾಯಿ ತೆರೆದಳು. ಒಳಗಿನ ಗುಲಾಬಿ ನಾಲಿಗೆ ಎಸಳಿಗೆ ತಾಗಿತು. ಕಚ್ಚಿದ್ದು ತಪ್ಪಿತು, ನನ್ನ ಬೆರಳಿಗೆ ಬಿತ್ತು. ಎರಡನೇ ಸಲ ಸಿಕ್ಕಿತು. ಒಂದು ಎಸಳು ಮುಗಿಸಲು ಎಷ್ಟೋ ಹೊತ್ತು ಹಿಡಿಯಿತು. ಕೆಂಪು ರಸ ಗದ್ದದ ಮೇಲೆ ಇಳಿದಿತ್ತು. ನಾನು ಒರೆಸಲಿಲ್ಲ. ಅಮ್ಮ ಬಂದು ನೋಡಲಿ ಅಂತ ಹಾಗೇ ಬಿಟ್ಟೆ.

ಪರೀಕ್ಷೆಯ ವರದಿಯಲ್ಲಿ ಬಂದ ಹೆಸರು ಮೈಕೋಪ್ಲಾಸ್ಮಾ ಅಗಸ್ಸಿಜೈ. ಅಮೆರಿಕದ ಮೊಹಾವಿ ಮರುಭೂಮಿಯ ಆಮೆಗಳನ್ನು ಕಾಡಿದ ರೋಗಾಣು ಇದು. 1990ರಲ್ಲಿ ಆ ಆಮೆಗಳನ್ನು ಅಲ್ಲಿನ ಸರ್ಕಾರ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದಾಗ, ಕಾರಣಗಳಲ್ಲಿ ಈ ಉಸಿರಾಟದ ಕಾಯಿಲೆಯೂ ಒಂದಾಗಿತ್ತು. ಮನೆಯಲ್ಲಿ ಸಾಕಿ ಆಮೇಲೆ ಕಾಡಿಗೆ ಬಿಟ್ಟ ಆಮೆಗಳಿಂದ ರೋಗ ಹರಡಿರಬಹುದು ಅನ್ನುವ ಅನುಮಾನವೂ ಇದೆ. ಇದಕ್ಕೆ ತಕ್ಕ ಆಂಟಿಬಯಾಟಿಕ್ ಕೊಟ್ಟರೆ ಲಕ್ಷಣಗಳು ಕಡಿಮೆಯಾಗಬಹುದು. ರೋಗಾಣು ಮೈಯಲ್ಲೇ ಅಡಗಿ ಕೂತಿರಬಹುದು, ಚಳಿಯೋ ಆಯಾಸವೋ ಆದಾಗ ಮತ್ತೆ ತಲೆ ಎತ್ತಬಹುದು. ಇದನ್ನು ಕೇಳಿದ ರಾತ್ರಿ ನಿದ್ದೆ ಬರಲಿಲ್ಲ. ಗುಣವಾಯಿತು ಅನ್ನುವ ಪೂರ್ತಿ ಮಾತು ನನಗೆ ಸಿಗಲಿಲ್ಲ.

ಮೊನ್ನೆ ಗೆಳತಿಯೊಬ್ಬಳು, "ನಮ್ಮ ಗಂಡು ಆಮೆನ ನಿಮ್ಮ ದುಂಡಿ ಜೊತೆ ಬಿಡ್ತೀಯೇನೇ, ಪಾಪ ಒಂಟಿ" ಅಂದಳು. ಆಗಲ್ಲ ಕಣೇ ಅಂದೆ. ಅವಳಿಗೆ ಬೇಜಾರಾಯಿತು. ಆದರೂ ಆಗುವುದಿಲ್ಲ. ದುಂಡಿಯಿಂದ ಇನ್ನೊಂದು ಆಮೆಗೆ ಆ ಸಿಳ್ಳೆ ಹೋಗಬಾರದು. ಅವಳ ತಟ್ಟೆ, ನೀರಿನ ತೊಟ್ಟಿ ಕೂಡ ಈ ಮನೆ ಬಿಟ್ಟು ಆಚೆ ಹೋಗುವುದಿಲ್ಲ. ಈ ಸಲ ಚಳಿಗಾಲದ ನಿದ್ದೆಗೂ ಅವಳನ್ನು ಬಿಡಲಿಲ್ಲ.

ಪುಸ್ತಕ ಈಗಲೂ ಗೂಡಿನ ಪಕ್ಕದಲ್ಲೇ ಇದೆ. ಇವತ್ತು ಬೆಳಿಗ್ಗೆ ಬರೆದದ್ದು: ಮೂಲೆಯಲ್ಲಿ 23 ಡಿಗ್ರಿ. ತೂಕ 751. ಸದ್ದಿಲ್ಲ. ಚಮಚದ ಮೇಲೆ ಎರಡು ಚುಕ್ಕೆ, ಎಡಗಡೆಯದು ಸ್ವಲ್ಪ ಚಿಕ್ಕದು.