ನಾಲ್ಕು ಬೆರಳಷ್ಟು ಖಾಲಿ ಜಾಗ

“ಮನೇನಾ, ಸೈಟಾ, ಹೊಲಾನಾ?” ನೋಟರಿ ಕೇಳಿದರು.

“ಯಾವುದೂ ಅಲ್ಲ ಸಾರ್. ನನ್ನ ಸಾವು,” ಅಂದಳು ದೊಡ್ಡಮ್ಮ.

ದಾವಣಗೆರೆ ಕೋರ್ಟ್ ಹತ್ತಿರದ ಒಂದು ಝೆರಾಕ್ಸ್ ಅಂಗಡಿ, ಅದರ ಪಕ್ಕದಲ್ಲೇ ಅವರ ಕೋಣೆ. 2025ರ ಏಪ್ರಿಲ್. ಫ್ಯಾನ್ ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ನೋಟರಿ ನನ್ನ ಮುಖ ನೋಡಿದರು. ಮುದುಕಿಗೆ ತಲೆ ಸರಿ ಇದೆಯಾ ಅನ್ನೋ ನೋಟ ಅದು. ನಾನು ಟೈಪ್ ಮಾಡಿಸಿಕೊಂಡು ಹೋಗಿದ್ದ ಎರಡು ಹಾಳೆ ಮುಂದಿಟ್ಟೆ. ಲಿವಿಂಗ್ ವಿಲ್, ಅಂದರೆ ಮುಂದೆ ಹೇಳೋಕೆ ಆಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರ. ಅವರು ಅದನ್ನು ನಿಧಾನವಾಗಿ ಓದಿದರು, ಎರಡು ಸಲ.

ಇದಕ್ಕೆಲ್ಲ ಕಾರಣ ದೊಡ್ಡಪ್ಪ. ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡಿದವನು. ಮಿಲ್ಲು ಮುಚ್ಚಿದ ಮೇಲೆ ಮಂಡಿಯಲ್ಲಿ ತೂಕ ಹಾಕಿದ. ಬಾಯಲ್ಲಿ ಯಾವಾಗಲೂ ಹೊಗೆಸೊಪ್ಪು, ಸುಣ್ಣ. ಕ್ಯಾನ್ಸರ್ ಅಲ್ಲೇ ಬಂತು. 2022ರಲ್ಲಿ ಕೊನೆಯ 19 ದಿನ ಐಸಿಯುನಲ್ಲಿದ್ದ. ಪೈಪ್ ಕಿತ್ತುಕೊಳ್ಳುತ್ತಾನೆ ಅಂತ ಎರಡೂ ಕೈ ಕಟ್ಟಿದ್ದರು. ಒಂದು ದಿನ ಸಿಸ್ಟರ್ ಐದು ನಿಮಿಷ ಬಲಗೈ ಬಿಚ್ಚಿದಾಗ, ನನ್ನ ಅಂಗೈ ಮೇಲೆ ಬೆರಳಿನಿಂದ ಬರೆದ: ‘ಸಾಕು’. ನನಗೆ ಮೊದಲು ಅರ್ಥ ಆಗಲಿಲ್ಲ. ಎರಡನೇ ಸಲ ಬರೆದ.

ಅಣ್ಣ ಹೋಗಿ ಡಾಕ್ಟರನ್ನು ಕೇಳಿದ. “ಮನೆಗೆ ಕರ್ಕೊಂಡು ಹೋಗೋದಾದ್ರೆ ಸಹಿ ಹಾಕಿ,” ಅಂದರು. ಅವರನ್ನು ಬೈಯಲ್ಲ ನಾನು, ಅವರಿಗೂ ಕೇಸಿನ ಭಯ. ಸಹಿ ಹಾಕೋಕೆ ನಮ್ಮಲ್ಲಿ ಯಾರಿಗೂ ಕೈ ಏಳಲಿಲ್ಲ. ಅಪ್ಪನನ್ನು ಕೊಂದ ಮಗ ಅನ್ನಿಸಿಕೊಳ್ಳೋದು ಯಾರಿಗೆ ಬೇಕು?

ಆಗಲೇ ದೊಡ್ಡಮ್ಮ ತೀರ್ಮಾನ ಮಾಡಿದ್ದಳು. ಮನೆಯಲ್ಲಿ ಬ್ಲೌಸ್ ಹೊಲಿಯುವವಳು, ಪೇಪರ್ ಮಾತ್ರ ಪೂರ್ತಿ ಓದುತ್ತಾಳೆ. ನಮ್ಮ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯಿಂದ ಸಾಯುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ್ದು ಅವಳಿಗೆ ಗೊತ್ತಿತ್ತು. 2025ರ ಜನವರಿ 30ರಂದು ರಾಜ್ಯ ಸರ್ಕಾರ ಆ ಬಗ್ಗೆ ಸುತ್ತೋಲೆ ಹೊರಡಿಸಿತು. ದೊಡ್ಡಮ್ಮ ಆ ಸುದ್ದಿ ಕತ್ತರಿಸಿ ಹೊಲಿಗೆ ಮಷೀನಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಳು.

ಇದರ ಹಿಂದೆ ನಮ್ಮ ರಾಜ್ಯದ್ದೇ ಇನ್ನೊಬ್ಬ ಹೆಣ್ಣುಮಗಳು ಇದ್ದಾಳೆ. ಹೊನ್ನಾವರ ಕಡೆಯ ಹಳದೀಪುರದ ಅರುಣಾ ಶಾನಭಾಗ್. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. 1973ರಲ್ಲಿ ಅವಳ ಮೇಲೆ ದಾಳಿ ಆಯಿತು, 2015ರಲ್ಲಿ ಸಾಯುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಅವಳ ಕೇಸಿನಲ್ಲೇ 2011ರಲ್ಲಿ ಸುಪ್ರೀಂ ಕೋರ್ಟ್ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸೋಕೆ ಮೊದಲ ಸಲ ಬಾಗಿಲು ಸ್ವಲ್ಪ ತೆರೆಯಿತು, ಆದರೆ ಅವಳಿಗೇ ಅದು ಸಿಗಲಿಲ್ಲ. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಲಿವಿಂಗ್ ವಿಲ್ ಒಪ್ಪಿತು. ಆಗ ಅದಕ್ಕೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರಲ್ಲಿ ಅದನ್ನು ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ಆಮೇಲೆ ಆ ಪರಿಸ್ಥಿತಿ ಬಂದಾಗ ಡಾಕ್ಟರುಗಳ ಎರಡು ಮಂಡಳಿ ಕೂತು ನೋಡುತ್ತವೆ.

ಸಾಕ್ಷಿಗೆ ಪಕ್ಕದ ಮನೆಯವರು ಬಂದಿದ್ದರು. ಅಣ್ಣ ಬರಲಿಲ್ಲ. “ಜನ ಏನಂತಾರೆ” ಅಂದ, ಅಷ್ಟೇ.

ನೋಟರಿ ಸೀಲ್ ಎತ್ತಿಕೊಂಡಾಗ ದೊಡ್ಡಮ್ಮ ತಡೆದಳು. “ಇನ್ನೊಂದು ಸಾಲು ಸೇರಿಸ್ರಿ ಸಾರ್. ನೋವು ತಡಿಯಾಕೆ ಆಗ್ಲಿಲ್ಲ ಅಂದ್ರೆ, ನಾನೇ ಬಾಯಿಬಿಟ್ಟು ಕೇಳಿದ್ರೆ, ಡಾಕ್ಟ್ರು ಔಷಧಿ ಕೊಟ್ಟು ಕಳಿಸಬೇಕು ಅಂತ.”

ಅವರು ಸೀಲ್ ಕೆಳಗಿಟ್ಟರು. “ಅದು ಆಗಲ್ಲಮ್ಮ. ಮಷೀನ್ ತೆಗೀಬಹುದು, ಚಿಕಿತ್ಸೆ ಬೇಡ ಅನ್ನಬಹುದು. ಔಷಧಿ ಕೊಟ್ರೆ ಡಾಕ್ಟ್ರು ಜೈಲಿಗೆ ಹೋಗ್ತಾರೆ.”

“ಮಷೀನೇ ಇಲ್ಲದಿದ್ರೆ?”

ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ. ದೊಡ್ಡಪ್ಪನ 19 ದಿನಕ್ಕೆ ಈ ಹಾಳೆ ಸಾಕಾಗುತ್ತಿತ್ತು. ಆದರೆ ಅದಕ್ಕೂ ಹಿಂದಿನ ನಾಲ್ಕು ತಿಂಗಳು? ಆಗ ಅವನು ಮನೆಯಲ್ಲೇ ಇದ್ದ, ತೆಗೆಯೋಕೆ ಯಾವ ಪೈಪೂ ಇರಲಿಲ್ಲ. ದವಡೆಯಲ್ಲಿ ತೂತು. ಕುಡಿದ ನೀರು ಅದರಲ್ಲೇ ಹೊರಗೆ ಬರುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿರುತ್ತಿದ್ದ. ಮಾರ್ಫಿನ್ ಮಾತ್ರೆ ಕೊಟ್ಟಿದ್ದರು, ನೋವು ಎಷ್ಟೋ ಕಡಿಮೆ ಆಯಿತು. ಅಂಥ ಮಾತ್ರೆ ಎಲ್ಲ ಊರಲ್ಲೂ ಮೊದಲು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಕಷ್ಟ ಬರೀ ನೋವಲ್ಲ. ಗಾಯದ ವಾಸನೆಗೆ ಮೊಮ್ಮಗು ಹತ್ತಿರ ಬರುತ್ತಿರಲಿಲ್ಲ. ಅದಕ್ಕೆ ಯಾವ ಮಾತ್ರೆ?

ಅಮೆರಿಕದ ಓರೆಗಾನ್ ರಾಜ್ಯದಲ್ಲಿ ದೊಡ್ಡಮ್ಮ ಕೇಳಿದಂಥದ್ದಕ್ಕೆ, ಅಂದರೆ ಸಾಯೋಕೆ ಡಾಕ್ಟರು ಔಷಧಿ ಬರೆದುಕೊಡೋದಕ್ಕೆ, 1997ರಿಂದ ಕಾನೂನು ಇದೆ. ಆರು ತಿಂಗಳಿಗಿಂತ ಹೆಚ್ಚು ಬದುಕಲಾರರು ಅಂತ ಇಬ್ಬರು ಡಾಕ್ಟರು ಹೇಳಬೇಕು. ರೋಗಿಯ ಬುದ್ಧಿ ಸ್ವಾಧೀನದಲ್ಲಿರಬೇಕು, ತಾನೇ ಕೇಳಬೇಕು, ತಾನೇ ಕುಡಿಯಬೇಕು. ಚೀಟಿ ಬರೆಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗದ ಜನ ಅದನ್ನು ಕುಡಿಯೋದೇ ಇಲ್ಲ. ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಅವಳಿಗೆ ಏನೂ ಆಶ್ಚರ್ಯ ಆಗಲಿಲ್ಲ. “ಬೀರುವಿನಾಗ ಐತಿ ಅಂದ್ರೇ ನಿದ್ದಿ ಬರ್ತದ,” ಅಂದಳು.

ನಮ್ಮ ಕಡೆ ಒಂದು ಭಯ ಇದೆ, ಆಸ್ತಿಗಾಗಿ ಮುದುಕರನ್ನು ಸಾಗಹಾಕ್ತಾರೆ ಅಂತ. ಸುಳ್ಳು ಭಯ ಅಲ್ಲ. ಅರ್ಧ ಎಕರೆ ಅಡಿಕೆ ತೋಟಕ್ಕೆ ಅಣ್ಣತಮ್ಮಂದಿರು ಹೊಡೆದಾಡಿದ್ದನ್ನು ನೋಡಿದವನು ನಾನು. ಆದರೆ ಈಗ ಏನು ನಡೆಯುತ್ತಿದೆ? ದುಡ್ಡು ಮುಗಿದ ದಿನ ‘ಮನೆಗೆ ಕರ್ಕೊಂಡು ಹೋಗೋಣ’ ಅಂತ ವರಾಂಡದಲ್ಲಿ ಪಿಸುಪಿಸು ಮಾತಾಗುತ್ತೆ. ಮಕ್ಕಳು, ಅಳಿಯ, ಬಿಲ್ ಕೌಂಟರಿನವರು ಎಲ್ಲ ಇರುತ್ತಾರೆ. ಮಲಗಿರುವವರನ್ನು ಮಾತ್ರ ಯಾರೂ ಕೇಳಲ್ಲ. ಓರೆಗಾನ್‌ನಂಥ ಕಾನೂನು ಬಂದರೆ ಮೊದಲು ಅವರನ್ನೇ ಕೇಳಬೇಕಾಗುತ್ತೆ, ಅದೂ ಇಬ್ಬರು ಡಾಕ್ಟರ ಎದುರಿಗೆ. ಬಚ್ಚಿಟ್ಟು ಮಾಡೋದಕ್ಕಿಂತ ಇದರಲ್ಲಿ ಮೋಸ ಜಾಸ್ತಿ ಆಗುತ್ತೆ ಅನ್ನೋ ವಾದ ನನಗೆ ಹಿಡಿಸಿಲ್ಲ.

ದೊಡ್ಡಮ್ಮ ಹಟ ಬಿಡಲಿಲ್ಲ, ದಾರಿ ಬದಲಿಸಿದಳು. “ಬರೀಬ್ಯಾಡ್ರಿ. ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿ ಬಿಡ್ರಿ. ಕಾನೂನು ಬಂದಾಗ ಬರೆದ್ರಾತು.”

ನೋಟರಿ ಮೊದಲ ಸಲ ನಕ್ಕರು. “ಖಾಲಿ ಬಿಡಂಗಿಲ್ಲಮ್ಮ, ಯಾರಾದ್ರೂ ಏನಾದ್ರೂ ತುಂಬಿಬಿಡ್ತಾರೆ.” ಸ್ಕೇಲ್ ಇಟ್ಟು ಆ ಜಾಗದ ಮೇಲೆ ಅಡ್ಡ ಗೀಟು ಎಳೆದರು. ಆಮೇಲೆ ಸಹಿ ಮಾಡಿ ಸೀಲ್ ಹೊಡೆದರು.

ದೊಡ್ಡಮ್ಮ ಆ ಗೀಟನ್ನೇ ನೋಡುತ್ತಾ ಕೂತಳು.

“ಹೊಸ ಕಾನೂನು ಬಂದ್ರೆ ಹೊಸ ಹಾಳೆ ಮಾಡೋಣ ಬಿಡಮ್ಮ,” ಅಂದರು ಅವರು.

“ಆಗ ಫೀಸು ಮತ್ತೆ ಕೊಡಬೇಕೇನ್ರಿ?”