ಸ್ಯಾಂಪಲ್ ಕತ್ತರಿಸುವಾಗ ಪದದ ಬಾಲ ಉಳಿಸಿ

ಹಳೆಯ ಹಾಡಿನಿಂದ ತುಣುಕು (ಸ್ಯಾಂಪಲ್) ಕತ್ತರಿಸಿ ಹೊಸ ಹಾಡಿಗೆ ಸೇರಿಸುವವರು ನೆನಪಿಡಬೇಕಾದ್ದು ಇಷ್ಟು: ಕನ್ನಡದ ಕ್ರಿಯಾಪದ ‘ಇಲ್ಲ’ ಅನ್ನುವುದನ್ನು ಹೆಚ್ಚಾಗಿ ಬಾಲದಲ್ಲಿ ಇಟ್ಟುಕೊಂಡಿರುತ್ತದೆ. ಹಳೆಯ ಹಾಡಿನ ‘ಮರೆಯಲಾರೆ’ಯನ್ನು ಬೀಟಿಗೆ ಕೂರಿಸಲು ಕೊನೆಯ ‘ರೆ’ ಕತ್ತರಿಸಿದರೆ ಉಳಿಯುವುದು ‘ಮರೆಯಲಾ?’. ಆಣೆ ಇಟ್ಟದ್ದು ಅಪ್ಪಣೆ ಕೇಳಿದಂತಾಯಿತು. ಮೂಲ ಹಾಡು ಬಲ್ಲ ಅಜ್ಜಿ ಆ ‘ರೆ’ಯನ್ನು ಮನಸ್ಸಲ್ಲೇ ಸೇರಿಸಿಕೊಳ್ಳುತ್ತಾರೆ. ಮೊದಲ ಸಲ ಕೇಳುವ ಮೊಮ್ಮಗಳಿಗೆ ಆ ಪ್ರಶ್ನೆಯೇ ಹಾಡು. ಬೇಕೆಂದೇ ಪ್ರಶ್ನೆ ಹುಟ್ಟಿಸುವುದಾದರೆ ಚೆಂದವೇ. ಆದರೆ ಬೆಂಗಳೂರಿನಲ್ಲಿ ಎಡಿಟ್‌ಗೆ ಕೂತವರಿಗೆ ಎಷ್ಟೋ ಸಲ ಕನ್ನಡ ಬಾರದು. ಅವರು ಪರದೆಯ ಮೇಲೆ ಬೀಟ್ ತೋರಿಸುವ ಗ್ರಿಡ್ ಗೆರೆ ನೋಡಿ ಕತ್ತರಿ ಹಾಕುತ್ತಾರೆ.

ಹಾಗಾಗಿ ಮೊದಲು ಸಾಲನ್ನು ಕಾಗದದ ಮೇಲೆ ಬರೆದುಕೊಳ್ಳಿ. ಕ್ರಿಯಾಪದ ಪೂರ್ತಿ ಮುಗಿದು, ಗಾಯಕರ ಉಸಿರೂ ಬಂದ ಮೇಲೆ ಕತ್ತರಿಸಿ, ತುದಿಗೆ 10 ಮಿಲಿಸೆಕೆಂಡ್ ಫೇಡ್ ಕೊಡಿ, ಅಂದರೆ ಸದ್ದನ್ನು ಮೆಲ್ಲಗೆ ಇಳಿಸಿ. ಫೇಡ್ ಇಲ್ಲದಿದ್ದರೆ ಲೂಪ್ (ಮತ್ತೆ ಮತ್ತೆ ಬರುವ ತುಣುಕು) ಸುತ್ತಿದಾಗೆಲ್ಲ ‘ಟಿಕ್’ ಅನ್ನುತ್ತದೆ. ಬಾಲ ಮುಂದಿನ ಬಾರ್‌ಗೆ (ತಾಳದ ಮುಂದಿನ ಸುತ್ತಿಗೆ) ಚಾಚಿದರೆ ಚಾಚಲಿ, ಅಲ್ಲಿ ಕಿಕ್ ಡ್ರಮ್ಮನ್ನೇ ಒಂದು ಬೀಟ್ ಸುಮ್ಮನಿರಿಸಿ.

ಇನ್ನು ವೇಗ. ಹಳೆಯ ಹಾಡುಗಳಿಗೆ ಸಾಮಾನ್ಯವಾಗಿ ಕ್ಲಿಕ್ ಟ್ರ್ಯಾಕ್ (ಕಿವಿಯಲ್ಲಿ ವೇಗ ಹಿಡಿದಿಡುವ ಟಿಕ್ ಸದ್ದು) ಇರಲಿಲ್ಲ, ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ್ದು. ಪಲ್ಲವಿಯಿಂದ ಚರಣಕ್ಕೆ ಬರುವಷ್ಟರಲ್ಲಿ ಎರಡು ಮೂರು ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ) ಏರಿರಬಹುದು. ಬೀಟ್ ಬೀಟ್‌ಗೂ ಎಳೆದು ಸರಿಮಾಡಹೋದರೆ ತಬಲಾದ ನಡೆ ಸಾಯುತ್ತದೆ. ನಾಲ್ಕು ಬಾರ್‌ಗೊಮ್ಮೆ ಸರಿಮಾಡಿದರೆ ಸಾಕು. 88 ಬಿಪಿಎಂ ಹಾಡನ್ನು ಶ್ರುತಿ ಹಿಡಿದಿಡದೆ ಸುಮ್ಮನೆ ವೇಗವಾಗಿ ಓಡಿಸಿ 92ಕ್ಕೆ ತಂದರೆ ಶ್ರುತಿ ಮುಕ್ಕಾಲು ಸೆಮಿಟೋನ್ (ಕೀಬೋರ್ಡಿನ ಪಕ್ಕಪಕ್ಕದ ಎರಡು ಮನೆಗಳ ಅಂತರ ಒಂದು ಸೆಮಿಟೋನ್) ಮೇಲೇರಿ ಯಾವ ಮನೆಗೂ ಸೇರದೆ ನಿಲ್ಲುತ್ತದೆ. 93.2ಕ್ಕೆ ತಂದರೆ ಸರಿಯಾಗಿ ಒಂದು ಸೆಮಿಟೋನ್. ಹೊಸ ಹಾಡಿನ ವೇಗವನ್ನೇ ಅಲ್ಲಿಗೆ ತನ್ನಿ. ಆಗಲೂ ಸ್ವರ ತುಸು ಆಚೀಚೆ ಅನ್ನಿಸಿದರೆ ಕೀಬೋರ್ಡನ್ನು ರೆಕಾರ್ಡಿಗೆ ಹೊಂದಿಸಿ, ಹಾಡಿದವರ ದನಿಯನ್ನು ಮುಟ್ಟಬೇಡಿ.

50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆ ಮತ್ತು ಅದರ 100, 150ರ ಮರಿಗಳನ್ನು ತೆಗೆಯಿರಿ. ಹಿಸ್ (ಹಿನ್ನೆಲೆಯ ‘ಸ್ಸ್’ ಸದ್ದು) ಮಾತ್ರ 6 ಡೆಸಿಬಲ್‌ಗಿಂತ ಹೆಚ್ಚು ಇಳಿಸಬೇಡಿ. ಅತಿಯಾದರೆ ‘ಸ’, ‘ಶ’ ನೀರಿನೊಳಗಿಂದ ಬಂದಂತಾಗಿ, ಆ ದನಿ ಯಾವ ಕಾಲದ್ದೆಂದು ಹೇಳುವ ಗುರುತೇ ಅಳಿಸಿಹೋಗುತ್ತದೆ. 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ಸುತ್ತುವ) ಹಳೆಯ ಗ್ರಾಮಫೋನ್ ತಟ್ಟೆಗೆ ಎಲ್‌ಪಿಯ ಸಣ್ಣ ಸೂಜಿ ಹಾಕಬೇಡಿ. ಅದು ಗೀರಿನ ತಳಕ್ಕೆ ಇಳಿದು ಕಸದ ಸದ್ದನ್ನೇ ಎತ್ತಿಕೊಡುತ್ತದೆ.

ಅನುಮತಿ ಎರಡು ಕಡೆ ಬೇಕು: ಧ್ವನಿಮುದ್ರಣದ್ದು ಬೇರೆ, ಸಾಹಿತ್ಯ ಮತ್ತು ರಾಗಸಂಯೋಜನೆಯದ್ದು ಬೇರೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ, ಅಂದರೆ 1964ರ ತಟ್ಟೆಯದ್ದು 2024ರ ಕೊನೆಗೆ ಮುಗಿಯಿತು. ಬರೆದವರು 1990ರಲ್ಲಿ ತೀರಿಕೊಂಡಿದ್ದರೆ ಸಾಹಿತ್ಯದ ಹಕ್ಕು 2050ರ ಕೊನೆವರೆಗೂ ಇರುತ್ತದೆ. ಏಳು ಸೆಕೆಂಡಿನೊಳಗೆ ಬಳಸಿದರೆ ಕೇಳಬೇಕಿಲ್ಲ ಅನ್ನುವ ಮಾತು ಸ್ಟುಡಿಯೋಗಳಲ್ಲಿ ಓಡಾಡುತ್ತಿರುತ್ತದೆ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಅಂಥ ಅಳತೆ ಎಲ್ಲೂ ಇಲ್ಲ.